ಡೋಲಿಯಿಂದ ಯಂತ್ರಬಾಹುವಿನವರೆಗೆ

ರೋಗ ಬಂದವನಿಗೆ ವೈದ್ಯನು ಬೇಕು, ಔಷಧವು ಬೇಕು, ಉಪಚರಿಸುವ ಕೈಗಳು ಬೇಕು. ಇದು ಎಲ್ಲರೂ ಬಲ್ಲ ಮಾತು. ಆದರೆ ರೋಗಿಯು ಮಲಗಿರುವ ಸ್ಥಳಕ್ಕೂ ಚಿಕಿತ್ಸೆಯು ದೊರೆಯುವ ಸ್ಥಳಕ್ಕೂ ನಡುವೆ ಒಂದು ದಾರಿಯಿದೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆ ದಾರಿಯು ಹತ್ತು ಹರದಾರಿ ಇರಬಹುದು. ಆಸ್ಪತ್ರೆಯ ಒಂದು ಕೊಠಡಿಯಿಂದ ಇನ್ನೊಂದು ಕೊಠಡಿಗೆ ನಲವತ್ತು ಹೆಜ್ಜೆ ಇರಬಹುದು. ಗಾಲಿಮಂಚದಿಂದ ಹಾಸಿಗೆಗೆ ಬರಿಯ ಒಂದು ಗೇಣೂ ಇರಬಹುದು. ಆರೋಗ್ಯವಂತನಿಗೆ ಅದು ದಾರಿಯೆಂದೇ ತೋರುವುದಿಲ್ಲ. ಬೆನ್ನುಮೂಳೆ ಮುರಿದವನಿಗೆ, ಉಸಿರಿಗಾಗಿ ಹೋರಾಡುತ್ತಿರುವವನಿಗೆ, ಹೆರಿಗೆಯ ನೋವಿನಲ್ಲಿರುವ ತಾಯಿಗೆ ಆ ದಾರಿಯೇ ಬದುಕು, ಆ ದಾರಿಯೇ ಸಾವು. ಈ ದಾರಿಯನ್ನು ಕಿರಿದುಗೊಳಿಸುವುದಕ್ಕೂ ಮೆದುಗೊಳಿಸುವುದಕ್ಕೂ ಮಾನವನು ಪಟ್ಟ ಪರಿಶ್ರಮದ ಕಥೆ ವೈದ್ಯಶಾಸ್ತ್ರದ ಕಥೆಯಷ್ಟೇ ಸ್ವಾರಸ್ಯವಾದುದು.

ಮೊದಮೊದಲು ರೋಗಿಯನ್ನು ಹೊತ್ತದ್ದು ಮನುಷ್ಯನ ಹೆಗಲು. ಎರಡು ಬಿದಿರ ಗಳುಗಳಿಗೆ ಕಂಬಳಿಯನ್ನು ಕಟ್ಟಿದರೆ ಜೋಲಿಯಾಯಿತು. ಕುರ್ಚಿಯನ್ನೋ ಸಣ್ಣ ಮಂಚವನ್ನೋ ಕಟ್ಟಿದರೆ ಡೋಲಿಯಾಯಿತು. ನಾಲ್ಕು ಮಂದಿ ಹೊರುವುದು, ನಾಲ್ಕು ಮಂದಿ ಜೊತೆಯಲ್ಲಿ ನಡೆಯುವುದು, ದಣಿದವರು ಹೆಗಲು ಬದಲಿಸುವುದು. ಹೀಗೆ ಕಾಡುದಾರಿಯನ್ನೂ ಹೊಳೆಯನ್ನೂ ದಾಟುತ್ತಿದ್ದರು. ಬಯಲುಸೀಮೆಯಲ್ಲಿ ಹುಲ್ಲು ಹಾಸಿದ ಎತ್ತಿನ ಗಾಡಿಯೇ ರೋಗಿಯ ವಾಹನವಾಗಿತ್ತು. ಈ ಸಾಧನಗಳಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ಆದರೆ ಎರಡು ಕೊರತೆಗಳಿದ್ದವು. ಒಂದು, ವೇಗವಿರಲಿಲ್ಲ. ಇನ್ನೊಂದು, ದಾರಿಯುದ್ದಕ್ಕೂ ಯಾವ ಚಿಕಿತ್ಸೆಯೂ ದೊರೆಯುತ್ತಿರಲಿಲ್ಲ. ರೋಗಿಯು ವೈದ್ಯನ ಮನೆಯ ಹೊಸ್ತಿಲನ್ನು ಮುಟ್ಟುವವರೆಗೆ ಅವನ ದೇಹವೇ ಅವನಿಗೆ ರಕ್ಷೆ.

ಈ ಎರಡು ಕೊರತೆಗಳನ್ನೂ ಒಟ್ಟಿಗೆ ನೀಗಿಸಲು ಹೊರಟವರಲ್ಲಿ ಮೊದಲಿಗೆ ನೆನೆಯಬೇಕಾದವನು ಫ್ರಾನ್ಸ್ ದೇಶದ ಶಸ್ತ್ರವೈದ್ಯ ದೊಮಿನಿಕ್ ಜಾನ್ ಲಾರೆ. ಆತನು 1766ರಲ್ಲಿ ಜನಿಸಿದನು. 1792ರಲ್ಲಿ ರೈನ್ ನದಿಯ ತೀರದಲ್ಲಿ ಯುದ್ಧಮಾಡುತ್ತಿದ್ದ ಫ್ರೆಂಚ್ ಸೈನ್ಯದಲ್ಲಿ ವೈದ್ಯನಾಗಿದ್ದನು. ಆಗಿನ ಸೈನ್ಯದ ನಿಯಮವು ವಿಚಿತ್ರವಾಗಿತ್ತು. ಚಿಕಿತ್ಸೆಯ ಬಂಡಿಗಳು ರಣರಂಗದಿಂದ ಒಂದು ಲೀಗ್, ಎಂದರೆ ಹೆಚ್ಚು ಕಡಿಮೆ ಒಂದು ಹರದಾರಿ, ಹಿಂದೆ ನಿಲ್ಲಬೇಕಾಗಿತ್ತು. ಗಾಯಗೊಂಡವನು ಕಾಳಗ ಮುಗಿಯುವ ತನಕ ಬಿದ್ದಲ್ಲಿಯೇ ಬಿದ್ದಿರಬೇಕು. ಬಂಡಿಗಳು ಬರುವ ಹೊತ್ತಿಗೆ ಇಪ್ಪತ್ತನಾಲ್ಕು ಗಂಟೆಯೋ ಮೂವತ್ತಾರು ಗಂಟೆಯೋ ಕಳೆದಿರುತ್ತಿತ್ತು. ಅಷ್ಟರಲ್ಲಿ ಬಹುಮಂದಿ ರಕ್ತ ಸೋರಿ ಪ್ರಾಣ ಬಿಟ್ಟಿರುತ್ತಿದ್ದರು.

ಅದೇ ರಣರಂಗದಲ್ಲಿ ಲಾರೆಯು ಇನ್ನೊಂದು ದೃಶ್ಯವನ್ನೂ ಕಂಡನು. ಕುದುರೆಗಳು ಎಳೆಯುವ ಹಗುರವಾದ ಫಿರಂಗಿಗಳು ಕ್ಷಣಮಾತ್ರದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಧಾವಿಸುತ್ತಿದ್ದವು. ಕೊಲ್ಲುವ ಸಾಧನಕ್ಕೆ ಇಷ್ಟು ವೇಗವಿರುವಾಗ ಉಳಿಸುವ ಸಾಧನಕ್ಕೆ ಏಕಿರಬಾರದು? ಈ ಪ್ರಶ್ನೆಯಿಂದ ಹುಟ್ಟಿದುದೇ ಆತನ 'ಹಾರುವ ಆಂಬುಲೆನ್ಸ್'. ಹಾರುವುದೆಂದರೆ ಆಕಾಶದಲ್ಲಿ ಹಾರುವುದಲ್ಲ. ಅದು ವೇಗಕ್ಕೆ ಕೊಟ್ಟ ಹೆಸರು. ಎರಡು ಚಕ್ರದ ಹಗುರ ಬಂಡಿಗೆ ಎರಡು ಕುದುರೆ. ಒಳಗೆ ಇಬ್ಬರು ಗಾಯಾಳುಗಳು ಕಾಲುಚಾಚಿ ಮಲಗಬಹುದು. ನಾಲ್ಕು ಚಕ್ರದ ಬಂಡಿಗೆ ನಾಲ್ಕು ಕುದುರೆ. ಕುಲುಕಾಟವನ್ನು ತಗ್ಗಿಸಲು ಸ್ಪ್ರಿಂಗುಗಳು. ಒಳಗೆ ಮೆತ್ತನೆಯ ಹಾಸಿಗೆ; ಆ ಹಾಸಿಗೆಯ ಹಲಗೆಗೆ ಕೆಳಗೆ ನಾಲ್ಕು ಪುಟ್ಟ ಉರುಳೆಗಳು. ಗಾಯಾಳುವನ್ನು ಎತ್ತಿ ಎಳೆದಾಡದೆ ಹಲಗೆಯನ್ನೇ ಹೊರಕ್ಕೆ ಜಾರಿಸಿ, ಅವನನ್ನು ಮಲಗಿಸಿ, ಮತ್ತೆ ಒಳಕ್ಕೆ ನೂಕಬಹುದಾಗಿತ್ತು. ಇಂದಿನ ಆಂಬುಲೆನ್ಸುಗಳಲ್ಲಿ ಸ್ಟ್ರೆಚರನ್ನು ಒಳಕ್ಕೆ ಜಾರಿಸುವ ಕ್ರಮಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಗಮನಿಸಬೇಕು. ಈಜಿಪ್ಟಿನ ಮರಳುಗಾಡಿನಲ್ಲಿ ಚಕ್ರಗಳು ಸಾಗದಿದ್ದಾಗ ಲಾರೆಯು ಒಂಟೆಗಳ ಎರಡೂ ಪಕ್ಕಕ್ಕೆ ಬುಟ್ಟಿಗಳನ್ನು ಕಟ್ಟಿಸಿ ಅವುಗಳಲ್ಲಿ ಗಾಯಾಳುಗಳನ್ನು ಸಾಗಿಸಿದನು. ಸಾಧನವು ನೆಲಕ್ಕೆ ಹೊಂದಬೇಕೇ ಹೊರತು ನೆಲವು ಸಾಧನಕ್ಕೆ ಹೊಂದುವುದಿಲ್ಲ ಎಂಬ ವಿವೇಕ ಆತನಲ್ಲಿತ್ತು.

ಬಂಡಿಯಷ್ಟೇ ದೊಡ್ಡದಾದ ಇನ್ನೊಂದು ಕಾಣಿಕೆಯನ್ನು ಲಾರೆಯು ಲೋಕಕ್ಕೆ ಕೊಟ್ಟನು. ಬಂಡಿಯಲ್ಲಿ ಸ್ಥಳ ಸ್ವಲ್ಪ, ಗಾಯಾಳುಗಳು ಬಹಳ. ಆಗ ಮೊದಲು ಯಾರನ್ನು ಕೊಂಡೊಯ್ಯಬೇಕು? ಸೇನಾಧಿಕಾರಿಯನ್ನೇ, ಸಾಮಾನ್ಯ ಸೈನಿಕನನ್ನೇ? ಸ್ವದೇಶದವನನ್ನೇ, ಶತ್ರುವನ್ನೇ? ಯಾರ ಗಾಯ ಹೆಚ್ಚು ಅಪಾಯಕರವೋ ಅವನೇ ಮೊದಲು ಎಂಬುದು ಲಾರೆಯ ನಿಯಮ. ಪದವಿಯಾಗಲಿ ದೇಶವಾಗಲಿ ಅಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಚಕ್ರವರ್ತಿ ನೆಪೋಲಿಯನ್ ತನ್ನ ಮರಣಶಾಸನದಲ್ಲಿ ಈ ವೈದ್ಯನಿಗೆ ಒಂದು ಲಕ್ಷ ಫ್ರಾಂಕುಗಳನ್ನು ಬಿಟ್ಟುಹೋದುದಲ್ಲದೆ, ತಾನು ಕಂಡ ಮನುಷ್ಯರಲ್ಲೆಲ್ಲ ಇವನೇ ಅತ್ಯಂತ ಸದ್ಗುಣಿಯೆಂದು ಬರೆಸಿದನು.

ಲಾರೆಯ ಬಳಿಕ ಕುದುರೆಯ ಸ್ಥಾನಕ್ಕೆ ಮೋಟಾರು ಬಂದಿತು. ರೈಲು, ವಿಮಾನ, ಹೆಲಿಕಾಪ್ಟರುಗಳು ಬಂದವು. ವೇಗವೇನೋ ಹೆಚ್ಚಿತು. ಆದರೆ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಹೆಚ್ಚಿನ ಆಂಬುಲೆನ್ಸುಗಳು ರೋಗಿಯನ್ನು ಸಾಗಿಸುವ ಗಾಡಿಗಳಾಗಿಯೇ ಉಳಿದಿದ್ದವು. ಚಿಕಿತ್ಸೆ ಆರಂಭವಾಗುತ್ತಿದ್ದುದು ಆಸ್ಪತ್ರೆಯಲ್ಲಿಯೇ. ಈ ಎಣಿಕೆಯನ್ನು ತಲೆಕೆಳಗು ಮಾಡಿದವರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಹೃದ್ರೋಗತಜ್ಞ ಫ್ರಾಂಕ್ ಪ್ಯಾಂಟ್ರಿಜ್ ಪ್ರಮುಖರು. ಹೃದಯಾಘಾತದಿಂದ ಮರಣ ಹೊಂದುವವರಲ್ಲಿ ಬಹುಮಂದಿ ಮೊದಲ ಒಂದೆರಡು ಗಂಟೆಗಳಲ್ಲಿಯೇ, ಆಸ್ಪತ್ರೆಯನ್ನು ಮುಟ್ಟುವ ಮೊದಲೇ, ಮರಣ ಹೊಂದುತ್ತಾರೆ. ಹೃದಯದ ಬಡಿತ ತಾಳತಪ್ಪಿ ಬರಿಯ ನಡುಕವಾದಾಗ ವಿದ್ಯುದಾಘಾತವನ್ನು ಕೊಟ್ಟು ಅದನ್ನು ಸರಿದಾರಿಗೆ ತರುವ ಯಂತ್ರವೇನೋ ಇತ್ತು. ಆದರೆ ಅದು ಆಸ್ಪತ್ರೆಯ ಗೋಡೆಯ ವಿದ್ಯುತ್ತಿಗೆ ಕಟ್ಟುಬಿದ್ದಿತ್ತು. ಪ್ಯಾಂಟ್ರಿಜ್ ಅವರು ಕಾರಿನ ಬ್ಯಾಟರಿಗಳಿಂದ ನಡೆಯುವಂತೆ ಅದನ್ನು ಮಾರ್ಪಡಿಸಿದರು. ಅದರ ತೂಕ ಸುಮಾರು 70 ಕಿಲೋಗ್ರಾಂ! ಆ ಭಾರದ ಪೆಟ್ಟಿಗೆಯೊಡನೆ 1966ರಲ್ಲಿ ಅವರ ಆಂಬುಲೆನ್ಸು ರೋಗಿಗಳ ಮನೆಬಾಗಿಲಿಗೆ ಹೊರಟಿತು. ಕೆಲವೇ ವರ್ಷಗಳಲ್ಲಿ ಆ ಯಂತ್ರವು ಮೂರು ಕಿಲೋಗ್ರಾಮಿನ ಆಸುಪಾಸಿಗೆ ಇಳಿಯಿತು. ರೋಗಿಯು ಚಿಕಿತ್ಸೆಯ ಬಳಿಗೆ ಹೋಗುವುದು ಒಂದು ಕ್ರಮ. ಚಿಕಿತ್ಸೆಯೇ ರೋಗಿಯ ಬಳಿಗೆ ಬರುವುದು ಇನ್ನೊಂದು ಕ್ರಮ. ಮುಂದಿನ ಯಂತ್ರಗಳೆಲ್ಲ ಈ ಎರಡು ಕ್ರಮಗಳ ನಡುವೆ ಬೆಳೆದವು.

ಎರಡನೆಯ ಕ್ರಮಕ್ಕೆ ಸೊಗಸಾದ ಉದಾಹರಣೆಯೊಂದು ಜರ್ಮನಿಯ ಹೊಂಬುರ್ಗ್ ನಗರದಲ್ಲಿದೆ. ಜನರು ಲಕ್ವ ಎಂದು ಕರೆಯುವ ಪಾರ್ಶ್ವವಾಯುವಿನಲ್ಲಿ ಎರಡು ಬಗೆಗಳುಂಟು. ಮೆದುಳಿನ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುವುದು ಒಂದು. ಒಡೆದು ರಕ್ತ ಸುರಿಯುವುದು ಇನ್ನೊಂದು. ಮೊದಲನೆಯದಕ್ಕೆ ಹೆಪ್ಪನ್ನು ಕರಗಿಸುವ ಔಷಧವೇ ಅಮೃತ. ಎರಡನೆಯದಕ್ಕೆ ಅದೇ ವಿಷ. ಹೊರಗಿನ ಲಕ್ಷಣಗಳನ್ನು ಮಾತ್ರ ನೋಡಿ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ಬಾರದು. ಮೆದುಳಿನ ಸ್ಕ್ಯಾನ್ ಆಗಲೇಬೇಕು. ಇತ್ತ ಕಾಲವು ಕಾಯುವುದಿಲ್ಲ. ದೊಡ್ಡ ರಕ್ತನಾಳವೊಂದು ಮುಚ್ಚಿದಾಗ ಮೆದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಆದುದರಿಂದ ಹೊಂಬುರ್ಗಿನ ವೈದ್ಯರು 2008ರಲ್ಲಿ ಸ್ಕ್ಯಾನ್ ಯಂತ್ರವನ್ನೇ ಆಂಬುಲೆನ್ಸಿನೊಳಗೆ ಕೂರಿಸಿ ಬೀದಿಗೆ ತಂದರು. ಮನೆಯ ಮುಂದೆಯೇ ಪರೀಕ್ಷೆ, ಅಲ್ಲಿಯೇ ನಿರ್ಣಯ, ಅಲ್ಲಿಯೇ ಔಷಧ. ಅಂದಿನಿಂದ ಇಂಥ ವಾಹನಗಳು ಹಲವು ದೇಶಗಳ ನಗರಗಳಲ್ಲಿ ಓಡಾಡತೊಡಗಿದವು.

ಆಸ್ಪತ್ರೆಯ ಹೆಬ್ಬಾಗಿಲನ್ನು ಹೊಕ್ಕ ಮಾತ್ರಕ್ಕೆ ರೋಗಿಯ ಪಯಣ ಮುಗಿಯಿತೇ? ಇಲ್ಲ. ನಿಜಕ್ಕೂ ಇನ್ನೊಂದು ಪಯಣ ಅಲ್ಲಿಂದ ಆರಂಭವಾಗುತ್ತದೆ. ತುರ್ತು ಚಿಕಿತ್ಸೆಯ ಕೊಠಡಿಯಿಂದ ಎಕ್ಸ್‌ರೇ ಕೊಠಡಿಗೆ, ಅಲ್ಲಿಂದ ಶಸ್ತ್ರಚಿಕಿತ್ಸೆಯ ಕೊಠಡಿಗೆ, ಅಲ್ಲಿಂದ ತೀವ್ರ ನಿಗಾ ಘಟಕಕ್ಕೆ, ಕೊನೆಗೆ ವಾರ್ಡಿಗೆ ಅವನು ಸಾಗಬೇಕು. ಪ್ರತಿಯೊಂದು ನಿಲ್ದಾಣದಲ್ಲಿಯೂ ಗಾಲಿಮಂಚದಿಂದ ಹಾಸಿಗೆಗೆ, ಹಾಸಿಗೆಯಿಂದ ಮೇಜಿಗೆ ಅವನನ್ನು ಎತ್ತಿಡಬೇಕು. ಅವನ ಜೊತೆಯಲ್ಲಿ ಆಮ್ಲಜನಕದ ಸಿಲಿಂಡರು, ಔಷಧದ ದ್ರವ ಹನಿಯುವ ಬಾಟಲಿ, ಉಸಿರಾಟದ ಕೊಳವೆ, ಹೃದಯದ ಬಡಿತವನ್ನು ತೋರಿಸುವ ಪರದೆ ಎಲ್ಲವೂ ಸಾಗಬೇಕು. ಒಂದು ಕೊಳವೆ ಕಳಚಿದರೆ ಸಾಕು, ಅಪಾಯ ಎದುರಾಗುತ್ತದೆ. ಮುರಿದ ಕತ್ತು ಒಂದಿಷ್ಟು ತಿರುಗಿದರೆ ಜೀವನವಿಡೀ ಕೈಕಾಲುಗಳ ಚಲನೆಯೇ ಹೋಗಬಹುದು.

ರೋಗಿಯ ಕಷ್ಟ ಒಂದಾದರೆ ಎತ್ತುವವರ ಕಷ್ಟ ಇನ್ನೊಂದು. ಅಕ್ಕಿಯ ಮೂಟೆಯನ್ನು ಎತ್ತುವವನು ಅದನ್ನು ತನ್ನ ದೇಹಕ್ಕೆ ಒತ್ತಿ ಹಿಡಿಯಬಹುದು, ಹೆಗಲಿಗೆ ಹೇರಿಕೊಳ್ಳಬಹುದು. ಹಾಸಿಗೆಯ ನಡುವೆ ಮಲಗಿರುವ ರೋಗಿಯನ್ನು ಹಾಗೆ ಎತ್ತಲು ಬರುವುದಿಲ್ಲ. ದಾದಿಯು ಮುಂದಕ್ಕೆ ಬಾಗಿ, ತೋಳುಗಳನ್ನು ನೀಡಿ, ಭಾರವನ್ನು ದೇಹದಿಂದ ದೂರದಲ್ಲಿಯೇ ಎತ್ತಬೇಕು. ಸನ್ನೆಯ ತತ್ತ್ವವನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದರ ಪರಿಣಾಮ ಸುಲಭವಾಗಿ ತಿಳಿಯುತ್ತದೆ: ಭಾರವು ದೂರವಾದಷ್ಟೂ ಸೊಂಟದ ಮೇಲೆ ಬೀಳುವ ಬಲವು ಹೆಚ್ಚುತ್ತದೆ. ವೃದ್ಧರ ಸಂಖ್ಯೆ ಬೆಳೆಯುತ್ತಿರುವ ಜಪಾನಿನಲ್ಲಿ ಶುಶ್ರೂಷಕರು ದಿನಕ್ಕೆ ಸರಾಸರಿ ನಲವತ್ತು ಬಾರಿ ರೋಗಿಗಳನ್ನು ಎತ್ತಬೇಕಾಗುತ್ತದೆಂದು ಅಲ್ಲಿನ ರೈಕೆನ್ ಸಂಶೋಧನಾ ಸಂಸ್ಥೆಯು 2015ರಲ್ಲಿ ತಿಳಿಸಿತು. ಪರರ ನೋವನ್ನು ಹೊರುವವರು ತಾವೇ ನಡುನೋವಿನಿಂದ ನರಳುವುದು ಎಂಥ ವಿಪರ್ಯಾಸ!

ಈ ಎರಡು ಕಷ್ಟಗಳಿಗೂ ಪರಿಹಾರವನ್ನು ಅರಸುತ್ತ ಬಗೆಬಗೆಯ ಸಾಧನಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಅತಿ ಸರಳವಾದುದು ಗಾಳಿಹಾಸಿಗೆ. ರೋಗಿಯ ಕೆಳಗೆ ತೆಳುವಾದ ಹಾಸನ್ನು ಸೇರಿಸಿ ಅದಕ್ಕೆ ಗಾಳಿಯನ್ನು ಊದುತ್ತಾರೆ. ಹಾಸಿನ ತಳದಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಗಾಳಿಯು ಹೊರಬಂದು, ಹಾಸಿಗೂ ಮಂಚಕ್ಕೂ ನಡುವೆ ಗಾಳಿಯದೇ ಒಂದು ಪದರವಾಗುತ್ತದೆ. ಘರ್ಷಣೆಯು ಬಹುಮಟ್ಟಿಗೆ ಇಲ್ಲವಾಗುವುದರಿಂದ ನಾಲ್ವರು ಎತ್ತಬೇಕಾದವನನ್ನು ಇಬ್ಬರು ಮೆಲ್ಲನೆ ಜಾರಿಸಬಹುದು. ಇನ್ನೊಂದು ಉಪಾಯ, ಎತ್ತುವ ಕೆಲಸವನ್ನೇ ಇಲ್ಲವಾಗಿಸುವುದು. ಜಪಾನಿನ ಪ್ಯಾನಸೋನಿಕ್ ಸಂಸ್ಥೆಯು 2009ರಲ್ಲಿ ಗಾಲಿಕುರ್ಚಿಯಾಗಿ ಮಾರ್ಪಡುವ ಯಂತ್ರಮಂಚವನ್ನು ಪ್ರಕಟಪಡಿಸಿತು. ಮಂಚದಲ್ಲಿ ಮಲಗಿದವನೇ ಕುರ್ಚಿಯಲ್ಲಿ ಕುಳಿತವನಾಗುತ್ತಾನೆ. ನಡುವೆ ಅವನನ್ನು ಎತ್ತುವ ಪ್ರಸಂಗವೇ ಬರುವುದಿಲ್ಲ.

ಯಂತ್ರವೇ ಮನುಷ್ಯನಂತೆ ತೋಳು ಚಾಚಿ ರೋಗಿಯನ್ನು ಎತ್ತುವಂತಿದ್ದರೆ? ರೈಕೆನ್ ಸಂಸ್ಥೆಯ ವಿಜ್ಞಾನಿಗಳು ಈ ಕನಸನ್ನೂ ಕೈಗೆತ್ತಿಕೊಂಡರು. ಅವರು 2009ರಲ್ಲಿ ನಿರ್ಮಿಸಿದ 'ರೀಬಾ' ಎಂಬ ಯಂತ್ರಮಾನವನು 61 ಕಿಲೋಗ್ರಾಂ ತೂಕದ ವ್ಯಕ್ತಿಯನ್ನು ಎತ್ತಬಲ್ಲವನಾಗಿದ್ದನು. 2011ರ 'ರೀಬಾ-2' 80 ಕಿಲೋಗ್ರಾಂ ತೂಕದವರನ್ನು ನೆಲದ ಮೇಲಿನ ಹಾಸಿಗೆಯಿಂದಲೂ ಎತ್ತಿತು. ಜಪಾನಿನಲ್ಲಿ ನೆಲದ ಮೇಲೆ ಹಾಸಿಗೆ ಹಾಸಿ ಮಲಗುವ ರೂಢಿಯುಂಟು. ಯಂತ್ರವು ಆ ರೂಢಿಗೆ ಹೊಂದಿಕೊಳ್ಳಬೇಕಾಗಿತ್ತು. 2015ರಲ್ಲಿ ಬಂದ 'ರೋಬೇರ್' ಇನ್ನೂ ಹಗುರವಾಯಿತು. 230 ಕಿಲೋಗ್ರಾಂ ಇದ್ದ ಯಂತ್ರದ ತೂಕ 140ಕ್ಕೆ ಇಳಿಯಿತು. ಅದಕ್ಕೆ ಬಿಳಿಯ ಕರಡಿಮರಿಯ ಮುಖವನ್ನು ಕೊಟ್ಟಿದ್ದರು. ಯಂತ್ರವು ಮನುಷ್ಯನನ್ನು ಎತ್ತಬೇಕಾದರೆ ಬಲವೊಂದೇ ಸಾಲದು. ತನ್ನ ಹಿಡಿತದಲ್ಲಿರುವ ದೇಹದ ಭಾರ ಎತ್ತ ವಾಲುತ್ತಿದೆ, ಎಷ್ಟು ಒತ್ತಿದರೆ ನೋವಾದೀತು ಎಂಬುದನ್ನು ತಿಳಿಯಬೇಕು. ಅದಕ್ಕಾಗಿ ಸ್ಪರ್ಶವನ್ನು ಅಳೆಯುವ ಸಂವೇದಕಗಳನ್ನು ಅದಕ್ಕೆ ಅಳವಡಿಸಿದ್ದರು. ತಾಯಿಯು ಕೂಸನ್ನು ಎತ್ತಿಕೊಳ್ಳುವಾಗ ಯೋಚಿಸದೆ ಮಾಡುವ ಕೆಲಸವನ್ನು ಯಂತ್ರಕ್ಕೆ ಕಲಿಸಲು ವಿದ್ವಾಂಸರು ವರ್ಷಗಟ್ಟಲೆ ದುಡಿಯಬೇಕಾಯಿತು.

ಇನ್ನು ಕೆಲವೆಡೆ ರೋಗಿಯನ್ನು ಅಲುಗಿಸದೆ ಯಂತ್ರವನ್ನೇ ಸಾಗಿಸುವ ಮಾರ್ಗವನ್ನು ಹಿಡಿದಿದ್ದಾರೆ. ಮೆದುಳಿನ ಗೆಡ್ಡೆಯನ್ನು ತೆಗೆಯುವ ಶಸ್ತ್ರವೈದ್ಯನಿಗೆ, ಗೆಡ್ಡೆಯು ಪೂರ್ತಿಯಾಗಿ ಹೋಯಿತೇ ಎಂಬುದನ್ನು ಶಸ್ತ್ರಚಿಕಿತ್ಸೆಯ ನಡುವೆಯೇ ನೋಡಬೇಕಾಗುತ್ತದೆ. ತಲೆಬುರುಡೆ ತೆರೆದಿರುವ ರೋಗಿಯನ್ನು ಸ್ಕ್ಯಾನ್ ಕೊಠಡಿಗೆ ಸಾಗಿಸುವುದು ಸುಲಭವೇ? ಕೆನಡಾ ದೇಶದ ಕ್ಯಾಲ್ಗರಿಯಲ್ಲಿ 1990ರ ದಶಕದಲ್ಲಿ ನರಶಸ್ತ್ರವೈದ್ಯ ಗಾರ್ನೆಟ್ ಸದರ್‌ಲ್ಯಾಂಡ್ ಮತ್ತು ಅವರ ಸಂಗಡಿಗರು ಇದಕ್ಕೊಂದು ದಾರಿಯನ್ನು ಕಂಡರು. ಛಾವಣಿಗೆ ಹಳಿಗಳನ್ನು ಜೋಡಿಸಿ, ಸ್ಕ್ಯಾನ್ ಯಂತ್ರದ ಭಾರಿ ಅಯಸ್ಕಾಂತವನ್ನೇ ಅವುಗಳಿಗೆ ತೂಗಿಹಾಕಿದರು. ಬೇಕಾದಾಗ ಅಯಸ್ಕಾಂತವು ರೋಗಿಯ ಬಳಿಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಹಿಂದೆ ಸರಿಯುತ್ತದೆ. ರೋಗಿಯು ಮಾತ್ರ ಮಲಗಿದಲ್ಲಿಂದ ಕದಲುವುದಿಲ್ಲ. ಲಾರೆಯ ಬಂಡಿಯು ರೋಗಿಯ ಬಳಿಗೆ ಓಡಿತು. ಇಲ್ಲಿ ಅಯಸ್ಕಾಂತವೇ ಓಡಿತು. ತತ್ತ್ವವು ಒಂದೇ.

ನಾಳಿನ ದಿನಗಳಲ್ಲಿ ಏನೇನು ಬರಬಹುದು? ತಾನಾಗಿಯೇ ದಾರಿಯನ್ನು ಕಂಡುಕೊಂಡು, ಎದುರು ಬಂದವರಿಗೆ ಎಡೆಗೊಟ್ಟು, ಲಿಫ್ಟನ್ನು ಕರೆದು, ಸರಿಯಾದ ಕೊಠಡಿಯ ಮುಂದೆ ನಿಲ್ಲುವ ಗಾಲಿಮಂಚಗಳು ಬರಬಹುದು. ಆ ಮಂಚವೇ ರೋಗಿಯ ಉಸಿರು, ನಾಡಿ, ರಕ್ತದೊತ್ತಡಗಳನ್ನು ಅಳೆದು, ಅವನು ತಲಪುವ ಮೊದಲೇ ಮುಂದಿನ ಕೊಠಡಿಯ ವೈದ್ಯನಿಗೆ ಸುದ್ದಿ ಮುಟ್ಟಿಸಬಹುದು. ನೆಲದಿಂದ ನೇರವಾಗಿ ಮೇಲೇಳುವ ವಿದ್ಯುತ್ ವಿಮಾನಗಳು ಕೂಡ ಬರಬಹುದು. ಜರ್ಮನಿಯ ವಾಯು ರಕ್ಷಣಾ ಸಂಸ್ಥೆಯೊಂದು ಇವುಗಳನ್ನು ಕುರಿತು ಅಧ್ಯಯನ ನಡೆಸಿ 2020ರಲ್ಲಿ ಅದರ ಫಲವನ್ನು ಪ್ರಕಟಿಸಿತು. ಇಂಥ ವಿಮಾನದ ಮೊದಲ ಉಪಯೋಗವು ರೋಗಿಯನ್ನು ಹೊತ್ತೊಯ್ಯುವುದಲ್ಲ, ವೈದ್ಯನನ್ನು ಬೇಗನೆ ರೋಗಿಯ ಬಳಿಗೆ ತಲಪಿಸುವುದು ಎಂಬ ಎಣಿಕೆ ಆ ಅಧ್ಯಯನದ ತಳಹದಿಯಾಗಿತ್ತು.

ಆದರೆ ಯಂತ್ರದ ಹೊಳಪಿಗೆ ಮರುಳಾಗುವ ಮುನ್ನ ವಿವೇಕಿಯು ಕೆಲವು ಪ್ರಶ್ನೆಗಳನ್ನು ಕೇಳಬೇಕು. ವಿದ್ಯುತ್ತು ಹೋದಾಗ ಆ ಮಂಚವು ನಡುದಾರಿಯಲ್ಲಿ ನಿಂತರೆ ಗತಿಯೇನು? ಹಳೆಯ ಆಸ್ಪತ್ರೆಗಳ ಕಿರಿದಾದ ಓಣಿಗಳಲ್ಲಿ ಅದು ತಿರುಗೀತೇ? ಸಾಮಾನ್ಯ ಜಿಲ್ಲಾ ಆಸ್ಪತ್ರೆಯು ಅದರ ಬೆಲೆಯನ್ನು ತೆತ್ತೀತೇ? ಜಗತ್ತೆಲ್ಲ ಬೆರಗಾಗಿ ನೋಡಿದ ರೋಬೇರ್ ಸಹ ಸಂಶೋಧನೆಯ ಹಂತದಲ್ಲಿಯೇ ಉಳಿಯಿತೇ ಹೊರತು ವಾರ್ಡುಗಳ ನಿತ್ಯದ ಬಳಕೆಗೆ ಇಳಿಯಲಿಲ್ಲ. ಎತ್ತುವ ಬಲವನ್ನು ಪಡೆದ ಯಂತ್ರವು ಆಸ್ಪತ್ರೆಯ ದಿನನಿತ್ಯದ ಗಡಿಬಿಡಿಯಲ್ಲಿ ನೆಲೆಗೊಳ್ಳುವುದು ಬೇರೆಯೇ ಒಂದು ಪರೀಕ್ಷೆ. ಎಲ್ಲಕ್ಕಿಂತ ಮಿಗಿಲಾಗಿ, ರೋಗಿಯು ಸರಕಲ್ಲ. ಅವನಿಗೆ ಭಯವಿದೆ, ಸಂಕೋಚವಿದೆ, ಮಾನವಿದೆ. ಶಸ್ತ್ರಚಿಕಿತ್ಸೆಯ ಕೊಠಡಿಯತ್ತ ಸಾಗುವಾಗ ಛಾವಣಿಯ ದೀಪಗಳು ಒಂದೊಂದಾಗಿ ಕಣ್ಣ ಮುಂದೆ ಸರಿಯುತ್ತಿರುವ ಆ ಗಳಿಗೆಯಲ್ಲಿ ಪಕ್ಕದಲ್ಲಿ ನಡೆಯುವ ಒಬ್ಬರ ಕೈ ತನ್ನ ಕೈಯನ್ನು ಹಿಡಿದಿರಲಿ ಎಂದು ಅವನು ಬಯಸುತ್ತಾನೆ. ದಾದಿಯ ಸೊಂಟದ ಭಾರವನ್ನು ಯಂತ್ರವು ಇಳಿಸಲಿ. ಆಗ ಅವಳ ಕೈಗಳು ಆ ಸಾಂತ್ವನಕ್ಕಾಗಿ ಬಿಡುವಾಗುತ್ತವೆ. ಯಂತ್ರದ ಸಾರ್ಥಕ್ಯವು ಮನುಷ್ಯನನ್ನು ದೂರ ಸರಿಸುವುದರಲ್ಲಿಲ್ಲ; ಅವನನ್ನು ರೋಗಿಗೆ ಇನ್ನಷ್ಟು ಹತ್ತಿರ ತರುವುದರಲ್ಲಿದೆ.

ಈ ಮಾತು ಕರ್ನಾಟಕಕ್ಕೂ ಸಲ್ಲುತ್ತದೆ. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, 'ಆರೋಗ್ಯ ಕವಚ' ಎಂಬ ಹೆಸರಿನಿಂದ 108 ಆಂಬುಲೆನ್ಸ್ ಸೇವೆಯು ಇಲ್ಲಿ ಆರಂಭವಾಯಿತು. ಮೂರು ಅಂಕಿಗಳನ್ನು ಒತ್ತಿದರೆ ತರಬೇತಿ ಪಡೆದ ಸಹಾಯಕನೊಡನೆ ವಾಹನವು ಹೊರಟು ಬರುವ ಏರ್ಪಾಡು ಹಳ್ಳಿಗಳಿಗೂ ಒದಗಿತು. 2015ರಲ್ಲಿ, ಬೆಂಗಳೂರಿನಂಥ ನಗರಗಳ ವಾಹನದಟ್ಟಣೆಯಲ್ಲಿ ನುಸುಳಿ ಸಾಗಬಲ್ಲ ಬೈಕ್ ಆಂಬುಲೆನ್ಸುಗಳೂ ಬಂದವು. ರೋಗಿಯನ್ನು ಅವು ಹೊರಲಾರವು. ಆದರೆ ದೊಡ್ಡ ವಾಹನ ಬರುವ ತನಕ ಪ್ರಥಮ ಚಿಕಿತ್ಸೆಯನ್ನು ಹೊತ್ತು ತರಬಲ್ಲವು. ಇಷ್ಟಾದರೂ, ರಸ್ತೆಯೇ ಇಲ್ಲದ ಕಾಡಂಚಿನ ಊರುಗಳಿಂದ, ಬೆಟ್ಟದ ಮೇಲಿನ ಹಾಡಿಗಳಿಂದ ರೋಗಿಗಳನ್ನೂ ಗರ್ಭಿಣಿಯರನ್ನೂ ಜೋಲಿಯಲ್ಲಿ ಹೊತ್ತು ತಂದ ಸುದ್ದಿಗಳು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಪತ್ರಿಕೆಗಳಲ್ಲಿ ಬಂದಿವೆ. ನಗರದ ಆಸ್ಪತ್ರೆಯಲ್ಲಿ ಯಂತ್ರಬಾಹು, ಬೆಟ್ಟದ ಹಾದಿಯಲ್ಲಿ ಬಿದಿರ ಗಳು. ಒಂದೇ ಕಾಲದಲ್ಲಿ ಎರಡು ಯುಗಗಳು ಬಾಳುತ್ತಿವೆ.

ಈ ಅಂತರವನ್ನು ತುಂಬುವವರು ಯಾರು? ಮುಂದೆ ಎಂಜಿನಿಯರುಗಳೋ ವೈದ್ಯರೋ ದಾದಿಯರೋ ಗ್ರಾಮದ ಪ್ರತಿನಿಧಿಗಳೋ ಆಗಲಿರುವ ಇಂದಿನ ವಿದ್ಯಾರ್ಥಿಗಳೇ. ಕೆಲವೊಮ್ಮೆ ಭವಿಷ್ಯದ ಅದ್ಭುತ ಸಾಧನವೆಂಬುದು ಸಂವೇದಕಗಳಿಂದ ಕೂಡಿದ ಯಂತ್ರಮಾನವನಾಗಿರಬಹುದು. ಕೆಲವೊಮ್ಮೆ ಮಳೆಗಾಲದಲ್ಲಿಯೂ ಮುಳುಗದ ಒಂದು ಕಿರುಸೇತುವೆಯಾಗಿರಬಹುದು. ಅಥವಾ ಒಬ್ಬರೇ ಎಳೆಯಬಹುದಾದ, ಕಲ್ಲುದಾರಿಯಲ್ಲಿ ಕುಲುಕದ ಒಂದು ಹಗುರ ಗಾಡಿಯೂ ಆಗಿರಬಹುದು. ಸಾಧನವು ಯಾವುದೇ ಆಗಲಿ, ಅದನ್ನು ಅಳೆಯುವ ಕೋಲು ಒಂದೇ. ಅದು ರೋಗಿಗೂ ಚಿಕಿತ್ಸೆಗೂ ನಡುವಣ ದಾರಿಯನ್ನು ಕಿರಿದು ಮಾಡಿತೇ? ದಾರಿಯಲ್ಲಿ ಅವನ ನೋವನ್ನು ಕಡಿಮೆ ಮಾಡಿತೇ? ಹೆಚ್ಚು ಅಪಾಯದಲ್ಲಿರುವವನ ಬಳಿಗೆ, ಅವನು ಬಡವನೋ ಬಲ್ಲಿದನೋ ಎಂದು ನೋಡದೆ, ಮೊದಲು ಹೋಯಿತೇ? ಈ ಮೂರಕ್ಕೂ ಹೌದು ಎನ್ನುವಂತಿದ್ದರೆ ಬಿದಿರ ಡೋಲಿಯೂ ಶ್ರೇಷ್ಠ ಯಂತ್ರವೇ. ಅಲ್ಲ ಎನ್ನುವಂತಿದ್ದರೆ ಎಷ್ಟೇ ಬೆಲೆಬಾಳುವ ಯಂತ್ರವಾದರೂ ಅದು ಬರಿಯ ಅಲಂಕಾರವೇ ಸರಿ.